ಪದವಿ ತರಗತಿ ಮತ್ತು ಸಂಶೋಧನ ವಿಶ್ವವಿದ್ಯಾನಿಲಯ: ಮಾನವಿಕ ಶಿಕ್ಷಣದ ಸುಧಾರಣಾ ಚಿಂತನೆಗಳ ವಿಮರ್ಶೆ

ವಿಶ್ವವಿದ್ಯಾನಿಲಯವು ಇರುವ ಜ್ಞಾನವನ್ನು ಮುಂದಿನ ತಲೆಮಾರಿಗೆ ದಾಟಿಸುವ ಸಂಸ್ಥೆಯೂ ಹೌದು, ಇಲ್ಲದ ಜ್ಞಾನವನ್ನು ಹುಡುಕುವ ಸಂಸ್ಥೆಯೂ ಹೌದು. ಈ ಎರಡು ಕೆಲಸಗಳು ಒಂದೇ ಸೂರಿನಡಿ ನಡೆಯಬೇಕೆಂಬ ಕಾರಣಕ್ಕಾಗಿಯೇ ಆ ಸಂಸ್ಥೆಗೆ ಅದರದೇ ಆದ ಹೆಸರು, ಸ್ವರೂಪ ದೊರೆತಿವೆ. ಆದರೆ ಭಾರತದ ವಿಶ್ವವಿದ್ಯಾನಿಲಯಗಳ ಚರಿತ್ರೆಯಲ್ಲಿ, ವಿಶೇಷವಾಗಿ ಕಲಾನಿಕಾಯದಲ್ಲಿ, ಇವೆರಡೂ ಕ್ರಮೇಣ ಬೇರೆ ಬೇರೆ ಆವರಣಗಳಿಗೆ ಸರಿದಿವೆ. ಸಂಶೋಧನೆಯು ಸ್ನಾತಕೋತ್ತರ ವಿಭಾಗಗಳ ಸೊತ್ತಾಯಿತು, ಬಿ.ಎ. ತರಗತಿಯು ಸಂಯೋಜಿತ ಕಾಲೇಜುಗಳ ಹೊಣೆಯಾಯಿತು. ಪದವಿ ಶಿಕ್ಷಣದ ಸುಧಾರಣೆಯನ್ನು ಕುರಿತು ಸ್ವಾತಂತ್ರ್ಯಾನಂತರ ಬಂದ ವರದಿಗಳು ಬಹುಮಟ್ಟಿಗೆ ಯಾವ ವಿಷಯಗಳನ್ನು ಕಲಿಸಬೇಕು, ಎಷ್ಟು ವರ್ಷ ಕಲಿಸಬೇಕು ಎಂಬ ಪ್ರಶ್ನೆಗಳ ಸುತ್ತ ಸುಳಿದಿವೆ. ಯಾರು ಕಲಿಸಬೇಕು, ಕಲಿಯುವವನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಅಷ್ಟೇ ಗಮನ ಸಂದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ನಿದರ್ಶನವನ್ನೂ ಕೆಲವು ಪ್ರಮುಖ ವರದಿಗಳನ್ನೂ ಎದುರುಬದುರಾಗಿ ಇರಿಸಿ ನೋಡಿದಾಗ ಈ ಕೊರತೆ ಸ್ಪಷ್ಟವಾಗುತ್ತದೆ.

1. ಆರಂಭದ ಮಾದರಿ

1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯನ್ನು ಅನುಸರಿಸಿದವು. ಅವು ಮೂಲತಃ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಗಳು. ಬೋಧನೆಯು ಕಾಲೇಜುಗಳಲ್ಲಿ ನಡೆಯುತ್ತಿತ್ತು. ಮೈಸೂರು ಸಂಸ್ಥಾನದ ಕಾಲೇಜುಗಳೂ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿದ್ದವು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯ ಈ ಕ್ರಮದಿಂದ ಒಂದು ಮುಖ್ಯ ಅಂಶದಲ್ಲಿ ಭಿನ್ನವಾಯಿತು. ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾನಿಲಯವೆಂಬ ಹಿರಿಮೆ ಅದಕ್ಕಿದೆ. ಆದರೆ ಪ್ರಸ್ತುತ ಚರ್ಚೆಗೆ ಅದಕ್ಕಿಂತ ಮುಖ್ಯವಾದುದು, ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೇ ಆ ವಿಶ್ವವಿದ್ಯಾನಿಲಯದ ಶರೀರವಾಗಿದ್ದವೆಂಬುದು. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನೆಂದರೆ ಆ ಕಾಲೇಜುಗಳಲ್ಲಿ ಪದವಿ ತರಗತಿಗೆ ಪಾಠ ಹೇಳುವ ಅಧ್ಯಾಪಕನೇ ಆಗಿದ್ದನು.

ಈ ವ್ಯವಸ್ಥೆಯ ಫಲವೇನೆಂಬುದಕ್ಕೆ ಕೆಲವು ನಿದರ್ಶನಗಳನ್ನು ಗಮನಿಸಬಹುದು. ಪ್ರೊ. ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪುರೇಖೆಗಳನ್ನು ಕುರಿತ ಇಂಗ್ಲಿಷ್ ಗ್ರಂಥ ಇಂದಿಗೂ ಆ ಕ್ಷೇತ್ರದ ಪ್ರಮಾಣಗ್ರಂಥಗಳಲ್ಲಿ ಒಂದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹಲವು ವರ್ಷ ನೀಡಿದ ಉಪನ್ಯಾಸಗಳೇ ಅದಕ್ಕೆ ಆಧಾರವೆಂದು ಅದರ ಮುನ್ನುಡಿಯಲ್ಲಿ ಗ್ರಂಥಕರ್ತರೇ ತಿಳಿಸಿದ್ದಾರೆ. ಕಾಲೇಜುಗಳಲ್ಲಿ ಪಠ್ಯವಾಗಿ ಬಳಕೆಯಾಗಲೆಂಬ ಉದ್ದೇಶವನ್ನೂ ಅಲ್ಲಿ ಹೇಳಲಾಗಿದೆ. ವಿದ್ವತ್ತು ಮೊದಲು, ಬೋಧನೆ ಆಮೇಲೆ ಎಂಬ ಕ್ರಮ ಇಲ್ಲಿಲ್ಲ. ವಿಷಯವನ್ನು ಇನ್ನೂ ಅರಿಯದ ವಿದ್ಯಾರ್ಥಿಗೆ ತಿಳಿಯಹೇಳುವ ಒತ್ತಾಯದಿಂದಲೇ ವಿದ್ವತ್ತಿನ ಸ್ಪಷ್ಟತೆ ಹುಟ್ಟಿದೆ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಎಸ್. ರಾಧಾಕೃಷ್ಣನ್ ಅವರ ಆರಂಭದ ಗ್ರಂಥಗಳೂ ಆ ಬೋಧನೆಯ ವರ್ಷಗಳಲ್ಲಿಯೇ ಹೊರಬಂದವು.

ಇತಿಹಾಸದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ಎಚ್. ಕೃಷ್ಣ ಅವರು ಅದೇ ಕಾಲದಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. ಕನ್ನಡ ಭಾಷೆಯ ಪ್ರಾಚೀನತೆಯ ಚರ್ಚೆಗೆ ಮೂಲಾಧಾರವಾದ ಹಲ್ಮಿಡಿ ಶಾಸನವನ್ನು 1936ರಲ್ಲಿ ವಿದ್ವತ್ಪ್ರಪಂಚದ ಗಮನಕ್ಕೆ ತಂದವರು ಅವರೇ. ತರಗತಿಯ ಅಧ್ಯಾಪಕ ಮತ್ತು ಉತ್ಖನನದ ನಿರ್ದೇಶಕ ಒಬ್ಬನೇ ಆಗಿದ್ದಾಗ, ಇತಿಹಾಸವೆಂಬುದು ಬರೆದು ಮುಗಿದ ಪುಸ್ತಕವಲ್ಲ, ಇನ್ನೂ ಬರೆಯಲ್ಪಡುತ್ತಿರುವ ಶೋಧವೆಂಬ ಅರಿವು ವಿದ್ಯಾರ್ಥಿಗೆ ಪ್ರತ್ಯೇಕ ಉಪದೇಶವಿಲ್ಲದೆಯೇ ದೊರೆಯುವ ಅವಕಾಶವಿತ್ತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ ಅವರು ಮೈಸೂರಿನಲ್ಲಿ ಎ.ಆರ್. ವಾಡಿಯಾ ಅವರ ವಿಭಾಗದಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ಆನರ್ಸ್ ವಿಷಯವಾಗಿ ಓದಿದವರು. ಮುಂದೆ ಮುಂಬಯಿ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಸಂಶೋಧನೆ ನಡೆಸಿದ ಬಳಿಕ, 1948ರಲ್ಲಿ ಅವರು ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಮೈಸೂರು ಸೀಮೆಯದೇ ಒಂದು ಹಳ್ಳಿಯನ್ನು.

ಇನ್ನೊಂದು ನಿದರ್ಶನ ಕನ್ನಡಕ್ಕೆ ಇನ್ನೂ ಹತ್ತಿರದ್ದು. 'ಪ್ರಬುದ್ಧ ಕರ್ನಾಟಕ' ಪತ್ರಿಕೆ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಹೊರಟಿತು. ಅನಂತರ ಮೈಸೂರು ವಿಶ್ವವಿದ್ಯಾನಿಲಯ ಅದರ ಹೊಣೆ ಹೊತ್ತಿತು. ಕನ್ನಡದ ವಿದ್ವತ್ಪತ್ರಿಕೆಗಳಲ್ಲಿ ಅಗ್ರಗಣ್ಯವಾದದ್ದೊಂದು ಸ್ನಾತಕೋತ್ತರ ವಿಭಾಗದಲ್ಲಿ ಹುಟ್ಟಲಿಲ್ಲ; ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿದ ಕಾಲೇಜು ಸಂಘದಲ್ಲಿ ಹುಟ್ಟಿತು ಎಂಬುದು ಮರೆಯಬಾರದ ಸಂಗತಿ.

ಆದರೆ ಈ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಚರಿತ್ರೆಗೆ ಮಾಡುವ ಅಪಚಾರ. ಅಂದಿನ ತರಗತಿಗಳು ಚಿಕ್ಕವು. ಅಲ್ಲಿಗೆ ಬರುತ್ತಿದ್ದವರು ಬಹುಪಾಲು ಮೇಲ್ಜಾತಿಗಳ, ಪಟ್ಟಣವಾಸಿ ಕುಟುಂಬಗಳ ಯುವಕರು. ಬೋಧನೆಯ ಭಾಷೆ ಇಂಗ್ಲಿಷ್. ಸಂಸ್ಥಾನದ ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಗಿ ಬಂದದ್ದೇ ಉನ್ನತ ಶಿಕ್ಷಣದ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದಕ್ಕೆ ಸಾಕ್ಷಿ. ಹಾಗಾಗಿ ಆ ಮಾದರಿಯಿಂದ ಪಡೆಯಬೇಕಾದದ್ದು ಅದರ ಸಾಮಾಜಿಕ ಸ್ವರೂಪವನ್ನಲ್ಲ. ಸಂಶೋಧಕನು ಪದವಿ ತರಗತಿಯಲ್ಲಿಯೇ ಇದ್ದನೆಂಬ ಒಂದು ಅಂಶವನ್ನು ಮಾತ್ರ.

2. ಅಗಲಿಕೆ

ಕುವೆಂಪು ಅವರು ಕುಲಪತಿಗಳಾಗಿದ್ದ 1956ರಿಂದ 1960ರ ಅವಧಿಯ ಮಹತ್ತ್ವದ ಸಾಧನೆ ಮಾನಸಗಂಗೋತ್ರಿಯ ಸ್ಥಾಪನೆ. 1960ರಲ್ಲಿ ರೂಪುಗೊಂಡ ಈ ಸ್ನಾತಕೋತ್ತರ ಆವರಣದಿಂದ ಉನ್ನತ ಅಧ್ಯಯನಕ್ಕೆ ಹೊಸ ನೆಲೆ ಒದಗಿತು. 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯು ಕೈಗೊಂಡ ವಿಶ್ವಕೋಶ, ಶಾಸನ ಸಂಪುಟಗಳಂಥ ಯೋಜನೆಗಳು ಕನ್ನಡದ ಬೌದ್ಧಿಕ ಆಸ್ತಿಯಾದವು. ಇದರ ಹಿರಿಮೆಯನ್ನು ಕಡೆಗಣಿಸಲಾಗದು. ಆದರೆ ಈ ಬೆಳವಣಿಗೆಗೆ ತೆರಬೇಕಾಗಿ ಬಂದ ಬೆಲೆಯ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕುಕ್ಕರಹಳ್ಳಿ ಕೆರೆಯ ಈಚೆ ಮಹಾರಾಜ ಕಾಲೇಜು, ಆಚೆ ಮಾನಸಗಂಗೋತ್ರಿ. ಸಂಶೋಧನೆಯೂ ಸಂಶೋಧಕರೂ ಆಚೆ ದಡಕ್ಕೆ ನಡೆದರು. ಮಹಾರಾಜ ಕಾಲೇಜು ವಿಶ್ವವಿದ್ಯಾನಿಲಯದ ಘಟಕ ಕಾಲೇಜಾಗಿಯೇ ಉಳಿದರೂ ಅದು ವಿದ್ವತ್ತಿನ ಕೇಂದ್ರವಾಗಿ ಉಳಿಯಲಿಲ್ಲ.

ಸಂಯೋಜಿತ ಕಾಲೇಜುಗಳ ಸ್ಥಿತಿ ಇನ್ನೂ ದೂರದ್ದು. ಬಿ.ಎ. ವಿದ್ಯಾರ್ಥಿಗಳ ಬಹುಸಂಖ್ಯೆ ಇರುವುದು ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ. ಅಲ್ಲಿನ ಬೋಧನೆಯ ಭಾರದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲಿದೆ. ಸೇವಾಭದ್ರತೆಯಿಲ್ಲದ, ಗ್ರಂಥಾಲಯದ ಆಸರೆಯೂ ಸಾಲದ ಅವರಿಂದ ಸಂಶೋಧನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ವಿಶ್ವವಿದ್ಯಾನಿಲಯಕ್ಕೂ ಆ ವಿದ್ಯಾರ್ಥಿಗೂ ಇರುವ ಸಂಬಂಧ ಪಠ್ಯಕ್ರಮ, ಪ್ರಶ್ನೆಪತ್ರಿಕೆ ಮತ್ತು ಅಂಕಪಟ್ಟಿ ಎಂಬ ಮೂರು ಕಾಗದಗಳಿಗೆ ಸೀಮಿತವಾಗಿದೆ. 1916ರಲ್ಲಿ ಮೈಸೂರು ಯಾವ ಪರೀಕ್ಷಾ ಮಾದರಿಯಿಂದ ಬಿಡಿಸಿಕೊಳ್ಳಲು ಯತ್ನಿಸಿತೋ ಅದಕ್ಕೇ ಪದವಿ ಶಿಕ್ಷಣ ಮರಳಿದೆ. 1991ರಲ್ಲಿ ಹಂಪಿಯಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಸಂಶೋಧನೆಯನ್ನೇ ಪ್ರಧಾನ ಧ್ಯೇಯವಾಗಿ ಉಳ್ಳದ್ದು. ಅದರ ಪ್ರಕಟಣೆಗಳ ಮೌಲ್ಯ ನಿರ್ವಿವಾದ. ಆದರೆ ಕನ್ನಡವನ್ನು ಐಚ್ಛಿಕವಾಗಿ ಓದುವ ಪದವಿ ವಿದ್ಯಾರ್ಥಿಗಳು ಇರುವುದು ಬೇರೆಡೆ ಎಂಬ ಕಾರಣದಿಂದ ಇಲ್ಲಿಯೂ ಅದೇ ಅಂತರ ಇನ್ನೊಂದು ರೂಪದಲ್ಲಿ ಮುಂದುವರಿದಿದೆ.

ಈ ಅಗಲಿಕೆಯ ಕಾಲಘಟ್ಟವೇ ಅದರ ಗಂಭೀರ ಮುಖ. ರೈತ, ಕುಶಲಕರ್ಮಿ ಮತ್ತು ದಲಿತ ಕುಟುಂಬಗಳ ಮಕ್ಕಳು, ಅವರಲ್ಲೂ ಹೆಣ್ಣುಮಕ್ಕಳು, ಕಾಲೇಜಿನ ಮೆಟ್ಟಿಲು ಹತ್ತತೊಡಗಿದ್ದು ಈ ದಶಕಗಳಲ್ಲಿಯೇ. ಮನೆತನದಲ್ಲಿ ಮೊದಲ ಬಾರಿಗೆ ಪದವಿ ತರಗತಿಗೆ ಬಂದವರು ಬೆಂಚಿನ ಮೇಲೆ ಕೂರುವ ಹೊತ್ತಿಗೆ ಸಂಶೋಧಕನು ಆ ಕೊಠಡಿಯಿಂದ ಎದ್ದು ಹೋಗಿದ್ದನು. ಹಿಂದಿನವರಿಗೆ ಹಿರಿಯಣ್ಣನವರ ಉಪನ್ಯಾಸ ದೊರೆತಿತ್ತು. ಇಂದಿನವರಿಗೆ ದೊರೆಯುವುದು ಬಹುಮಟ್ಟಿಗೆ ಪರೀಕ್ಷೆಗೆ ಮುನ್ನ ಕೊಳ್ಳುವ ಗೈಡು. ಆದ್ದರಿಂದ ಪದವಿ ಶಿಕ್ಷಣದ ಗುಣಮಟ್ಟದ ಪ್ರಶ್ನೆ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಆಗಿದೆ.

3. ವರದಿಗಳು ಕಂಡದ್ದು, ಕಾಣದ್ದು

1948ರಲ್ಲಿ ನೇಮಕವಾಗಿ 1949ರಲ್ಲಿ ವರದಿ ನೀಡಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರು ಎಸ್. ರಾಧಾಕೃಷ್ಣನ್. ಸ್ವತಃ ಕಾಲೇಜು ಅಧ್ಯಾಪಕರಾಗಿದ್ದವರ ಕೈಯ ಈ ವರದಿ ಎರಡು ಮಾತುಗಳನ್ನು ಒತ್ತಿ ಹೇಳಿತು. ಪ್ರತಿಯೊಬ್ಬ ಪದವೀಧರನಿಗೂ ವಿಜ್ಞಾನ, ಮಾನವಿಕ ಮತ್ತು ಸಮಾಜವಿಜ್ಞಾನಗಳ ಸಾಮಾನ್ಯ ಶಿಕ್ಷಣ ದೊರೆಯಬೇಕೆಂಬುದು ಒಂದು. ವಿಶ್ವವಿದ್ಯಾನಿಲಯದಲ್ಲಿ ಒಂದೇ ಒಂದು ಸುಧಾರಣೆ ಮಾಡಬಹುದಾದರೆ ಅದು ಪರೀಕ್ಷೆಯದಾಗಬೇಕು ಎಂಬ ಅಭಿಪ್ರಾಯ ಮತ್ತೊಂದು. ಮೊದಲನೆಯದು ಬೇರೆ ಬೇರೆ ಹೆಸರುಗಳಲ್ಲಿ ಪಠ್ಯಕ್ರಮಗಳನ್ನು ಸೇರಿತು. ಎರಡನೆಯದು ಹಿಂದೆ ಉಳಿಯಿತು. ಹೀಗಾಗಿ ಸಾಮಾನ್ಯ ಶಿಕ್ಷಣವೂ ಪರೀಕ್ಷೆಯ ಇನ್ನೊಂದು ಪತ್ರಿಕೆಯಾಗಿ ಮಾರ್ಪಟ್ಟಿತು. ವಿಷಯವನ್ನು ಸೇರಿಸಿ ವಿಧಾನವನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಇದು ಮೊದಲ ಪಾಠ.

ಇದೇ ಸಮಸ್ಯೆಯನ್ನು ಬೇರೆ ಪರಿಸರದಲ್ಲಿ ಎದುರಿಸಿದ ಅಮೆರಿಕದ ಅನುಭವ ಇಲ್ಲಿ ಹೋಲಿಕೆಗೆ ಒದಗುತ್ತದೆ. ಅಲ್ಲಿನ ದೊಡ್ಡ ಸಂಶೋಧನ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ವಿದ್ಯಾರ್ಥಿಗಳು ಅದೇ ಆವರಣದಲ್ಲಿಯೇ ಇದ್ದರೂ, ಹೆಸರಾಂತ ಪ್ರಾಧ್ಯಾಪಕರನ್ನು ಹತ್ತಿರದಿಂದ ಕಾಣದೆ, ಸಂಶೋಧನ ವಿದ್ಯಾರ್ಥಿಗಳಿಂದ ಪಾಠ ಕೇಳಿ ಹೊರಬರುತ್ತಾರೆಂಬ ದೂರು ಬಲವಾಗಿತ್ತು. ಎರ್ನೆಸ್ಟ್ ಬಾಯರ್ ಅವರ ಹೆಸರನ್ನು ಹೊತ್ತ ಆಯೋಗ 1998ರಲ್ಲಿ ಪ್ರಕಟಿಸಿದ ವರದಿ ಈ ದೂರನ್ನು ಮರೆಮಾಚದೆ ಒಪ್ಪಿಕೊಂಡಿತು. ಅದು ಮುಂದಿಟ್ಟ ಹತ್ತು ಮಾರ್ಗಗಳಲ್ಲಿ ಮೊದಲನೆಯದು ಸಂಶೋಧನೆಯ ಮೂಲಕ ಕಲಿಯುವುದನ್ನೇ ಪದವಿ ಶಿಕ್ಷಣದ ಸಾಮಾನ್ಯ ಕ್ರಮವನ್ನಾಗಿಸುವುದು. ಎರಡನೆಯದು ಮೊದಲ ವರ್ಷವನ್ನೇ ಶೋಧನಾತ್ಮಕ ಕಲಿಕೆಯ ಮೇಲೆ ಕಟ್ಟುವುದು. ಅಧ್ಯಾಪಕರ ಬಡ್ತಿ, ಗೌರವಗಳ ಕ್ರಮವನ್ನು ಬದಲಾಯಿಸದೆ ಇದಾವುದೂ ನಡೆಯದೆಂದೂ ಅದು ಹೇಳಿತು. ಈ ವರದಿಯ ದೃಷ್ಟಿ ಸಂಪನ್ನ ಸಂಸ್ಥೆಗಳದು. ಅದರ ಸಲಹೆಗಳನ್ನು ಇಲ್ಲಿಗೆ ಹಾಗೆಯೇ ತಂದು ನೆಡಲಾಗದು. ಆದರೂ ಸಂಶೋಧನೆಯು ಪದವಿಯ ಕೊನೆಗೆ ದೊರೆಯುವ ಬಹುಮಾನವಲ್ಲ, ಪದವಿಯ ಆರಂಭದ ವಿಧಾನ ಎಂಬ ಅದರ ಮೂಲ ತಿಳಿವು ಹಣಕ್ಕೆ ಸಂಬಂಧಿಸಿದ್ದಲ್ಲ.

ಭಾರತದಲ್ಲಿ ಈ ಮಾತಿಗೆ ಅತ್ಯಂತ ಹತ್ತಿರ ಬಂದದ್ದು 2009ರ ಯಶಪಾಲ್ ಸಮಿತಿಯ ವರದಿ. ಬೋಧನೆಯನ್ನೂ ಸಂಶೋಧನೆಯನ್ನೂ ಬೇರ್ಪಡಿಸಿದ್ದರಿಂದ ಎರಡೂ ಸೊರಗಿವೆಯೆಂದು ಅದು ಗುರುತಿಸಿತು. ವಿಶ್ವವಿದ್ಯಾನಿಲಯಗಳು ಪದವಿ ಶಿಕ್ಷಣವನ್ನು ತಮ್ಮ ಒಳಗೆ ತಂದುಕೊಳ್ಳಬೇಕು, ಸಂಶೋಧನ ಸಂಸ್ಥೆಗಳ ವಿದ್ವಾಂಸರು ಬೋಧನೆಯಲ್ಲಿಯೂ ತೊಡಗಬೇಕು ಎಂದು ಸೂಚಿಸಿತು. ವಿಜ್ಞಾನ ಕ್ಷೇತ್ರದಲ್ಲಿ ಈ ದಿಕ್ಕಿನ ಒಂದು ಪ್ರಯೋಗ ಬೆಂಗಳೂರಿನಲ್ಲಿಯೇ ನಡೆದಿದೆ. 1909ರಲ್ಲಿ ಸ್ಥಾಪನೆಯಾಗಿ ಉನ್ನತ ಸಂಶೋಧನೆಗೆ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷಗಳ ಪದವಿ ತರಗತಿಯನ್ನು ಆರಂಭಿಸಿತು. ಅದರಲ್ಲಿ ಮಾನವಿಕ ವಿಷಯಗಳಿಗೂ ಸ್ಥಾನವಿತ್ತು. ಆದರೆ ರಾಜ್ಯದ ವಿಶ್ವವಿದ್ಯಾನಿಲಯಗಳ ಕಲಾನಿಕಾಯಗಳಲ್ಲಿ ಇದಕ್ಕೆ ಸರಿಸಾಟಿಯಾದ ಚಳವಳಿ ಕಾಣಿಸಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಹುಶಾಸ್ತ್ರೀಯ ಉದಾರ ಶಿಕ್ಷಣವನ್ನೂ ಪದವಿ ಹಂತದ ಸಂಶೋಧನೆಯನ್ನೂ ಒಟ್ಟಿಗೆ ಹೇಳಿತು. ಆದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪಠ್ಯಕ್ರಮದ ಚೌಕಟ್ಟು ಸಂಶೋಧನೆಯನ್ನು ನಾಲ್ಕನೆಯ ವರ್ಷಕ್ಕೆ, ಅದರಲ್ಲೂ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಪಡೆದವರಿಗೆ ಮೀಸಲಿಟ್ಟಿತು. ಇಲ್ಲಿ ಅಡಗಿರುವ ಗ್ರಹಿಕೆಯನ್ನು ವಿಮರ್ಶಿಸಬೇಕಾಗಿದೆ. ಮೂರು ವರ್ಷ ಕಂಠಪಾಠದ ಪರೀಕ್ಷೆಯಲ್ಲಿ ಗೆದ್ದವನಿಗೆ ಮಾತ್ರ ನಾಲ್ಕನೆಯ ವರ್ಷ ಪ್ರಶ್ನೆ ಕೇಳುವ ಅಧಿಕಾರ ದೊರೆಯುತ್ತದೆ ಎಂದಂತಾಯಿತು. ಕರ್ನಾಟಕವು ಈ ನೀತಿಯ ಪದವಿ ವ್ಯವಸ್ಥೆಯನ್ನು 2021–22ರಲ್ಲಿ ಜಾರಿಗೆ ತಂದಿತು; ಪ್ರೊ. ಸುಖದೇವ್ ಥೋರಾಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಬಡ ಕುಟುಂಬಗಳಿಗೆ ಒಂದು ವರ್ಷದ ಹೆಚ್ಚಿನ ಭಾರ ಸಣ್ಣದಲ್ಲವಾದ್ದರಿಂದ ಮೂರು ವರ್ಷದ ಪರವಾದ ವಾದಕ್ಕೆ ತೂಕವಿದೆ. ಆದರೆ ಸಂಶೋಧನೆಯನ್ನು ನಾಲ್ಕನೆಯ ವರ್ಷಕ್ಕೆ ಕಟ್ಟಿಹಾಕಿದ್ದರ ಪರಿಣಾಮವಾಗಿ, ಆ ವರ್ಷ ಹೋದೊಡನೆ ಸಂಶೋಧನೆಯ ಮಾತೂ ಹೋಯಿತು. ವರ್ಷಗಳ ಎಣಿಕೆಯ ಚರ್ಚೆಯಲ್ಲಿ ಪರ ವಿರೋಧದ ಎರಡೂ ಪಕ್ಷಗಳು ಕಲಿಕೆಯ ವಿಧಾನವನ್ನು ಮರೆತವು.

4. ಮೊದಲ ವರ್ಷದ ಸಂಶೋಧನೆ ಎಂದರೇನು

ಪದವಿಯ ಮೊದಲ ವರ್ಷದಲ್ಲಿಯೇ ಸಂಶೋಧನೆ ಎಂದಾಗ ಏಳುವ ಮೊದಲ ಆಕ್ಷೇಪ, ಸರಿಯಾಗಿ ಒಂದು ಪುಟ ಬರೆಯಲಾರದ ವಿದ್ಯಾರ್ಥಿಯಿಂದ ಇದು ಸಾಧ್ಯವೇ ಎಂಬುದು. ಸಂಶೋಧನೆ ಎಂಬ ಮಾತನ್ನು ಮಹಾಪ್ರಬಂಧದ ಅರ್ಥದಲ್ಲಿ ಗ್ರಹಿಸುವುದರಿಂದ ಈ ಆಕ್ಷೇಪ ಹುಟ್ಟುತ್ತದೆ. ಮೂಲ ಆಕರವೊಂದನ್ನು ಸ್ವತಃ ನೋಡಿ, ಅದರ ಬಗ್ಗೆ ಇತರರು ಹೇಳಿದ್ದನ್ನು ಪರೀಕ್ಷಿಸಿ, ತನಗೆ ಕಂಡದ್ದನ್ನು ಆಧಾರಸಹಿತ ಬರೆಯುವುದು ಎಂಬಷ್ಟೇ ಅರ್ಥದಲ್ಲಿ ತೆಗೆದುಕೊಂಡರೆ ಕರ್ನಾಟಕದ ವಿದ್ಯಾರ್ಥಿಗೆ ಆಕರಗಳ ಕೊರತೆಯಿಲ್ಲ.

ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಹಳೆಯ ಮೈಸೂರು ಸೀಮೆಯ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿಕೊಟ್ಟಿವೆ. ಅವುಗಳಲ್ಲಿ ಶಾಸನದ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ. ಪರಿಷ್ಕೃತ ಆವೃತ್ತಿಯನ್ನು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಿದೆ. ನಂಜನಗೂಡಿನ ಕಾಲೇಜಿನಲ್ಲಿ ಇತಿಹಾಸ ಓದುವ ವಿದ್ಯಾರ್ಥಿನಿಯೊಬ್ಬಳಿಗೆ ತನ್ನ ತಾಲ್ಲೂಕಿನ ಒಂದು ಶಾಸನವನ್ನು ಕೊಟ್ಟು, ದಾನ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆಗಳನ್ನು ಹೇಗೆ ಹೇಳಿದೆ, ಅಲ್ಲಿ ಬರುವ ಊರು ಕೆರೆಗಳಲ್ಲಿ ಇಂದು ಉಳಿದಿರುವವು ಯಾವುವು ಎಂದು ಕೇಳಿದರೆ, ಆಕೆ ಮಾಡುವ ಕೆಲಸ ಚಿಕ್ಕದಾದರೂ ಸಂಶೋಧನೆಯೇ. ಊರಿನ ಹಿರಿಯರಿಂದ ಗದ್ದೆಯ ಹೆಸರುಗಳನ್ನು ಕೇಳಿ ತಿಳಿಯಬಲ್ಲ ಆ ವಿದ್ಯಾರ್ಥಿನಿಗೆ, ಪಟ್ಟಣದ ಗ್ರಂಥಾಲಯದಲ್ಲಿ ಕುಳಿತ ವಿದ್ವಾಂಸನಿಗಿಲ್ಲದ ಅನುಕೂಲವೂ ಇದೆ. ಹಳ್ಳಿಯಿಂದ ಬಂದವಳೆಂಬುದು ಇಲ್ಲಿ ಕೊರತೆಯಾಗದೆ ವಿದ್ವತ್ತಿನ ಸಾಧನವಾಗುತ್ತದೆ. ಸಮಾಜಶಾಸ್ತ್ರದಲ್ಲಿ ಒಂದು ಬೀದಿಯ ಕಸುಬುಗಳ ಸಮೀಕ್ಷೆ, ಕನ್ನಡದಲ್ಲಿ ಒಂದೇ ಕಾವ್ಯದ ಎರಡು ಸಂಪಾದನೆಗಳ ಪಾಠಾಂತರಗಳ ಹೋಲಿಕೆ ಇವೂ ಇದೇ ಜಾತಿಯವು.

ಇಂಥ ಕೆಲಸಕ್ಕೆ ಮೂರು ಬದಲಾವಣೆಗಳು ಅಗತ್ಯ. ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳ ಪ್ರಾಧ್ಯಾಪಕರು ಘಟಕ ಕಾಲೇಜಿನ ಮೊದಲ ವರ್ಷದ ಒಂದು ಪತ್ರಿಕೆಯನ್ನಾದರೂ ಬೋಧಿಸುವುದು ಮೊದಲನೆಯದು. ಮೈಸೂರಿನಲ್ಲಿ ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಸಂಯೋಜಿತ ಕಾಲೇಜುಗಳ ಅಧ್ಯಾಪಕರನ್ನು ವಿಶ್ವವಿದ್ಯಾನಿಲಯದ ಸಂಶೋಧನ ಯೋಜನೆಗಳಲ್ಲಿ ಸಹಭಾಗಿಗಳನ್ನಾಗಿಸುವುದು ಇದರ ಮುಂದಿನ ಹೆಜ್ಜೆ. ಪರೀಕ್ಷೆಯ ಅಂಕಗಳ ಒಂದು ನಿಶ್ಚಿತ ಪಾಲು ವಿದ್ಯಾರ್ಥಿಯ ಈ ಬರಹಕ್ಕೆ ಸಲ್ಲುವುದು ಎರಡನೆಯದು. ಆಂತರಿಕ ಮೌಲ್ಯಮಾಪನವೆಂಬುದು ಕಿರುಪರೀಕ್ಷೆಯ ಅಂಕಗಳ ಮರುಎಣಿಕೆಯಾಗಿರುವ ತನಕ ಯಾವ ಪಠ್ಯಕ್ರಮವೂ ಉಳಿಯದು. ಅಧ್ಯಾಪಕರ ಬಡ್ತಿಯ ನಿಯಮಗಳನ್ನು ತಿದ್ದುವುದು ಮೂರನೆಯದು. ಧನಸಹಾಯ ಆಯೋಗದ 2010ರ ನಿಯಮಾವಳಿ ಪ್ರಕಟಣೆಗಳನ್ನು ಅಂಕಗಳಾಗಿ ಎಣಿಸಿತು. 2018ರ ನಿಯಮಾವಳಿ ಕಾಲೇಜು ಅಧ್ಯಾಪಕರ ವಿಷಯದಲ್ಲಿ ಬೋಧನೆಗೆ ಹೆಚ್ಚಿನ ತೂಕ ನೀಡಿತು. ಎರಡೂ ಬೋಧನೆ ಮತ್ತು ಸಂಶೋಧನೆಗಳನ್ನು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಿದವು. ವಿದ್ಯಾರ್ಥಿಗಳೊಡನೆ ನಡೆಸಿದ ಶೋಧಕ್ಕೆ ಆ ಎಣಿಕೆಯಲ್ಲಿ ತಕ್ಕ ಸ್ಥಾನವಿಲ್ಲ.

ಭಾಷೆಯ ಪ್ರಶ್ನೆಯೂ ಇದಕ್ಕೆ ಹೆಣೆದುಕೊಂಡಿದೆ. ಬಿ.ಎ. ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕನ್ನಡ ಮಾಧ್ಯಮದವರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಸಂಶೋಧನೆ ಹೆಚ್ಚಾಗಿ ನಡೆಯುವುದು ಇಂಗ್ಲಿಷಿನಲ್ಲಿ. ಸಂಶೋಧಕನು ಮೊದಲ ವರ್ಷದ ಕನ್ನಡ ಮಾಧ್ಯಮದ ತರಗತಿಗೆ ಬಂದರೆ ತನ್ನ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬೇಕಾಗುತ್ತದೆ. ಆ ಒತ್ತಾಯದಿಂದ ಶಾಸ್ತ್ರಕ್ಕೂ ಕನ್ನಡಕ್ಕೂ ಲಾಭವಿದೆ. ಕನ್ನಡದ ಶಾಸ್ತ್ರೀಯ ಗದ್ಯ ಬೆಳೆದದ್ದು ನಿಘಂಟುಗಳಿಂದ ಮಾತ್ರವಲ್ಲ. ಎದುರಿಗೆ ಕುಳಿತ ಕೇಳುಗನಿಗೆ ಅರ್ಥವಾಗಬೇಕೆಂಬ ಕಾಳಜಿಯಿಂದ.

5. ಸಮಾರೋಪ

ಪದವಿ ಶಿಕ್ಷಣದ ಸುಧಾರಣೆಯ ಚರ್ಚೆ ಏಳು ದಶಕಗಳಿಂದ ವಿಷಯಗಳ ಪಟ್ಟಿಯನ್ನು ಉದ್ದ ಮಾಡುತ್ತ, ವರ್ಷಗಳ ಸಂಖ್ಯೆಯನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಬಂದಿದೆ. ಮೈಸೂರಿನ ಆರಂಭದ ದಶಕಗಳ ಅನುಭವವೂ, 1998 ಮತ್ತು 2009ರ ವರದಿಗಳ ತಿಳಿವೂ ಸೂಚಿಸುವ ದಾರಿ ಬೇರೆ. ಸಂಶೋಧಕನು ಮೊದಲ ವರ್ಷದ ತರಗತಿಗೆ ಮರಳುವುದು, ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ಆಕರದ ಎದುರು ಕೂರುವುದು – ಇವೆರಡು ನಡೆದರೆ ಪದವಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಎಂಬುದು ಎರಡನೆಯ ಪ್ರಶ್ನೆಯಾಗುತ್ತದೆ. ಇವೆರಡೂ ನಡೆಯದಿದ್ದರೆ ಎಷ್ಟು ವರ್ಷ ಕೂಡಿಸಿದರೂ ಪರೀಕ್ಷೆಯ ವರ್ಷಗಳು ಮಾತ್ರ ಹೆಚ್ಚುತ್ತವೆ. ಮಹಾರಾಜ ಕಾಲೇಜಿನಿಂದ ಮಾನಸಗಂಗೋತ್ರಿಗೆ ಇರುವ ದಾರಿ ನಡೆದು ಕ್ರಮಿಸಬಹುದಾದಷ್ಟೇ. ಆರು ದಶಕಗಳಿಂದ ವಿದ್ಯಾರ್ಥಿಯೇ ಆ ದಾರಿಯಲ್ಲಿ ಆಚೆಗೆ ನಡೆಯಬೇಕಾಗಿದೆ, ಅದೂ ಪದವಿ ಮುಗಿಸಿದ ಮೇಲೆ. ಪ್ರಾಧ್ಯಾಪಕನು ಈಚೆಗೆ ನಡೆದು ಬರುವ ಏರ್ಪಾಡು ಆಗಬೇಕಾಗಿದೆ.